ಆಕ್ಟೋ ಕೊಳ್ಳುವಾಗ ನಾನು ನೋಡುವುದು

ಸ್ಕೂಬಾ ಡೈವಿಂಗಿನ ಗಾಳಿ ಸಿಲಿಂಡರಿನ ತಲೆಯಿಂದ ನಾಲ್ಕು ಕಡೆ ಇಳಿಬಿದ್ದ ಹೋಸುಗಳನ್ನು ಕಂಡು ಯಾರೋ ಆಕ್ಟೋಪಸ್ ಅಂತ ಹೆಸರಿಟ್ಟರು. ಡೈವ್ ಮಾಡುವವರ ಬಾಯಲ್ಲಿ ಅದು ಆಕ್ಟೋ. ಬಡ್ಡಿಯ (ಜೊತೆಯಲ್ಲಿ ನೀರಿಗಿಳಿದವರ) ಗಾಳಿ ಮುಗಿದರೆ ಕೊಡುವ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್, ಅಂದರೆ ಬಾಯಿಗಿಟ್ಟು ಉಸಿರಾಡುವ ಸಾಧನ. ಕೊಳ್ಳಲು ಬಂದವರು ಕೇಳುವ ಮೊದಲ ಪ್ರಶ್ನೆ "ಉಸಿರು ಎಳೆಯೋಕೆ ಹಗುರ ಇದೆಯಾ?" ಎಂದು. ನನ್ನ ಪಟ್ಟಿಯಲ್ಲಿ ಅದು ಮೂರನೆಯದು. ಫಸ್ಟ್ ಸ್ಟೇಜ್ (ಸಿಲಿಂಡರಿನ ತಲೆಗೆ ಕೂತು ಗಾಳಿಯ ಒತ್ತಡ ಇಳಿಸುವ ಭಾಗ) ಒಟ್ಟಿಗೆ ಎರಡು ಬಾಯಿಗೆ ಗಾಳಿ ಕೊಡಬಲ್ಲದೇ ಎಂಬುದು ಮೊದಲು, ಹೋಸಿನ ಉದ್ದ ಆಮೇಲೆ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 50 ಬಾರ್ ಉಳಿದಿದೆ ಅಂದರೆ 550 ಲೀಟರ್ ಗಾಳಿ. ಇಬ್ಬರೂ 18 ಮೀಟರ್ ಆಳದಲ್ಲಿದ್ದಾರೆ, ಅಲ್ಲಿ ಒತ್ತಡ 2.8 ಬಾರ್. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನೀರಿನ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಎಂದರೂ ಆ ಆಳದಲ್ಲಿ ಇಬ್ಬರಿಗೆ ನಿಮಿಷಕ್ಕೆ 168 ಲೀಟರ್. ಕೈಸನ್ನೆ ಮಾಡಿ, ಆಕ್ಟೋ ಬಾಯಿಗಿಟ್ಟು, ತೋಳು ಹಿಡಿದುಕೊಳ್ಳುವಷ್ಟರಲ್ಲಿ ಒಂದು ನಿಮಿಷ ಹೋಯಿತು. ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಎರಡು ನಿಮಿಷ, ಅದಕ್ಕೆ ಸುಮಾರು 228 ಲೀಟರ್. ಉಳಿದದ್ದು 154. ಸುರಕ್ಷತೆಗೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದರೆ 270 ಬೇಕು, ಆ ನಿಲುಗಡೆ ಬಿಟ್ಟೇ ಮೇಲೆ ಬರಬೇಕು. ಅಂದರೆ ಆಕ್ಟೋ ನಿಜವಾಗಿ ಬಳಕೆಗೆ ಬರುವುದು ಸಿಲಿಂಡರ್ ಬರಿದಾಗುತ್ತಿರುವಾಗ, ಎರಡರಷ್ಟು ಎಳೆತ ಇರುವಾಗ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಫಸ್ಟ್ ಸ್ಟೇಜಿನ (ಸಿಲಿಂಡರಿನ ಒತ್ತಡಕ್ಕೆ ತಕ್ಕಂತೆ ತಾನೂ ಬದಲಾಗುವ ಮಾದರಿ) ನಡುವಣ ಒತ್ತಡ, ಅಂದರೆ ಹೋಸಿಗೆ ಬಿಡುವ ಒತ್ತಡ, ಕುಸಿಯುವುದೂ ಆಗಲೇ. ಹಾಗಾಗಿ ಹಣ ಕಡಿಮೆಯಿದ್ದರೆ ಆಕ್ಟೋದಲ್ಲಿ ಉಳಿಸಿ, ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜಿಗೆ ಹಾಕಿ ಅನ್ನುತ್ತೇನೆ.

ಆಕ್ಟೋ ಮಾತ್ರ ಸರಳವಾಗಿರಲಿ. ಲಿವರ್ ಇರುವ, ಗಾಳಿ ಹರಿಯುವ ದಿಕ್ಕಿಗೇ ತೆರೆಯುವ ಡೌನ್‌ಸ್ಟ್ರೀಮ್ ಮಾದರಿಯ, ಅನ್‌ಬ್ಯಾಲೆನ್ಸ್ಡ್ ಸೆಕೆಂಡ್ ಸ್ಟೇಜ್ (ಬಾಯಿಗಿಡುವ ಭಾಗ) ಸಾಕು. ಬಿಡಿಭಾಗ ಕಡಿಮೆ, ಕೈಕೊಡುವುದೂ ಕಡಿಮೆ. ನನ್ನ ಮುಖ್ಯ ರೆಗ್ಯುಲೇಟರ್ ಯಾವ ಕಂಪನಿಯದೋ ಆಕ್ಟೋವೂ ಅದೇ ಕಂಪನಿಯದು. ಸರ್ವಿಸ್ ಕಿಟ್ ಒಟ್ಟಿಗೆ ತರಿಸಬಹುದು, ಒತ್ತಡದ ಅಳತೆಯೂ ತಾಳೆಯಾಗುತ್ತದೆ. ಯುರೋಪಿನ ರೆಗ್ಯುಲೇಟರ್ ಮಾನದಂಡವಾದ ಇಎನ್ 250 ಗುರುತಿನ ಕೊನೆಯಲ್ಲಿ 'ಎ' ಅಕ್ಷರ ಇದೆಯೇ ನೋಡಿ. ಆಕ್ಟೋ ಜೋಡಿಸಿ, ಇಬ್ಬರು ಉಸಿರಾಡುವಂತೆ ಪರೀಕ್ಷಿಸಿದ್ದಾರೆ ಎಂದು ಅದರ ಅರ್ಥ. ತಣ್ಣೀರಿನ ಕಿಟ್‌ಗೆ ದುಡ್ಡು ಕೊಡಬೇಡಿ, ಅದು 10 ಡಿಗ್ರಿಗಿಂತ ಕೆಳಗಿನ ನೀರಿಗೆ. ನಮ್ಮ ನೇತ್ರಾಣಿ ದ್ವೀಪದ ನೀರು ಬೆಚ್ಚಗಿದೆ.

ಡೌನ್‌ಸ್ಟ್ರೀಮ್ ವಾಲ್ವಿಗೆ ಇನ್ನೊಂದು ಗುಣ: ಫಸ್ಟ್ ಸ್ಟೇಜಿನ ಸೀಟ್ (ವಾಲ್ವನ್ನು ಮುಚ್ಚುವ ಬಿಲ್ಲೆ) ಸವೆದು ಒತ್ತಡ ಏರಿದರೆ ತಾನಾಗಿ ತೆರೆದು ಗಾಳಿ ಬಿಟ್ಟುಬಿಡುತ್ತದೆ, ಹೋಸ್ ಒಡೆಯುವುದಿಲ್ಲ. ಆದ್ದರಿಂದ ಆಕ್ಟೋ ಗುಳುಗುಳು ಅಂದಕೂಡಲೇ ಅದನ್ನೇ ಬಿಚ್ಚಬೇಡಿ. ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್ಟಿನ, ಅಂದರೆ ಬಿಸಿಡಿಯ ಇನ್‌ಫ್ಲೇಟರ್ ಹೋಸಿಗೆ ಸಣ್ಣ ಒತ್ತಡದ ಗೇಜ್ ಸಿಕ್ಕಿಸಿ. ಮುಳ್ಳು 9ರಿಂದ 10 ಬಾರ್ ಒಳಗೆ ಬಂದು ಗಪ್ಪನೆ ನಿಲ್ಲಬೇಕು. ಐದು ನಿಮಿಷದಲ್ಲಿ ಮೆಲ್ಲಗೆ ಏರುತ್ತಲೇ ಹೋದರೆ ತಪ್ಪು ಫಸ್ಟ್ ಸ್ಟೇಜಿನದು. ಅಲುಗದೆ ನಿಂತೂ ಗಾಳಿ ಸೋರಿದರೆ ಆಕ್ಟೋದ ಸೀಟ್ ಅಥವಾ ಅದರ ಟ್ಯೂನಿಂಗ್.

ಈಗ ಹಗುರದ ಪ್ರಶ್ನೆ. ಎದೆಯ ಮೇಲೆ ನೇತಾಡುವ ಆಕ್ಟೋ ತೀರ ಹಗುರವಾಗಿದ್ದರೆ ದೋಣಿಯಿಂದ ಹಾರಿದಾಗ, ಅಲೆ ಬಡಿದಾಗ ಫ್ರೀಫ್ಲೋ ಆಗುತ್ತದೆ, ಗಾಳಿ ತಾನಾಗಿ ಸುರಿಯುತ್ತದೆ. ಅದಕ್ಕೆಂದೇ ಬಾಡಿಗೆ ಸೆಟ್ಟುಗಳಲ್ಲಿ ಬಿಗಿ ಮಾಡಿಡುತ್ತಾರೆ. ಆದರೆ ಬಿಗಿಯೂ ವಿಪರೀತವಾದರೆ ಗಾಬರಿಯಾದವನಿಗೆ "ಇದರಲ್ಲೂ ಗಾಳಿ ಇಲ್ಲ" ಅನ್ನಿಸಿ ಉಗುಳಿಬಿಡುತ್ತಾನೆ. ನಾನು ಬಕೆಟ್ಟಿನಲ್ಲಿ ಅಳೆಯುತ್ತೇನೆ. ಸಿಲಿಂಡರ್ ತೆರೆದು, ಮೌತ್‌ಪೀಸ್ ಮೇಲೆ ಮಾಡಿ, ಒತ್ತಿದರೆ ಗಾಳಿ ಬಿಡುವ ಪರ್ಜ್ ಬಟನ್ ಇರುವ ಮುಖವನ್ನು ನೀರಿಗೆ ನಿಧಾನವಾಗಿ ಇಳಿಸುವುದು. ಗಾಳಿ ಸಿಡಿಯುವ ಹೊತ್ತಿಗೆ ಒಳಗಿನ ಡಯಾಫ್ರಾಮ್ (ಉಸಿರೆಳೆದಾಗ ಬಾಗುವ ಪೊರೆ) ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅದೇ ಎಳೆತದ ಅಳತೆ. ಮುಖ್ಯ ರೆಗ್ಯುಲೇಟರ್ 2.5ರಿಂದ 3 ಸೆಂ.ಮೀ., ಆಕ್ಟೋ ಸುಮಾರು 4. ಆರು ದಾಟಿದರೆ ಸರ್ವಿಸ್ ಮಾಡುವವರ ಕೈಗೆ ಕೊಡುತ್ತೇನೆ. ಫ್ರೀಫ್ಲೋ ತಡೆಯಲು ಒಳಗಿನ ಗಾಳಿಯ ಹರಿವು ಬದಲಿಸುವ ವೆಂಚುರಿ ಲಿವರ್ ಇದ್ದರೆ ನೇತಾಡುವಾಗ ಅದು ಮೈನಸ್ ಕಡೆಗಿರಲಿ.

ಹೋಸ್ 90ರಿಂದ 100 ಸೆಂ.ಮೀ. ಇರಬೇಕು. ಮುಖ್ಯ ರೆಗ್ಯುಲೇಟರಿನ 75 ಸೆಂ.ಮೀ. ಹೋಸನ್ನೇ ಇದಕ್ಕೂ ಹಾಕಿದರೆ ಬಡ್ಡಿಯ ಮುಖ ನಿಮ್ಮ ಭುಜಕ್ಕೆ ಅಂಟಿಕೊಳ್ಳುತ್ತದೆ, ಅವನು ತಲೆ ತಿರುಗಿಸಿದರೆ ಮೌತ್‌ಪೀಸ್ ಬಾಯಿಂದ ಜಾರುತ್ತದೆ. ಹೆಣೆದ ಹೊರಪದರದ ಹಗುರ ಹೋಸುಗಳು ನೋಡಲು ಚೆಂದ. ಆದರೆ ಬಿಸಿಲು, ತೇವ ಹೆಚ್ಚಿರುವ ಕಡೆ ಅಂಥ ಕೆಲವು ಹೋಸುಗಳ ಒಳಪದರ ಕೆಟ್ಟು ಹರಳುಗಟ್ಟಿ, ಗಾಳಿಯ ದಾರಿಯೇ ಕಟ್ಟಿಕೊಂಡದ್ದುಂಟು. ಹೊರಗಿನಿಂದ ಏನೂ ಕಾಣದು. ಕರಾವಳಿಗೆ ಹಳೇ ರಬ್ಬರೇ ವಾಸಿ.

ಕೂರಿಸುವ ಜಾಗ ಗಲ್ಲದಿಂದ ಪಕ್ಕೆಲುಬಿನ ತುದಿಯವರೆಗಿನ ಮುಕ್ಕೋನದೊಳಗೆ, ಒಂದೇ ಎಳೆತಕ್ಕೆ ಬಿಟ್ಟುಕೊಡುವ ಹೋಲ್ಡರಿನಲ್ಲಿ. ಜೇಬಿಗೆ ತುರುಕಿದ ಆಕ್ಟೋ ಇದ್ದೂ ಇಲ್ಲದ ಹಾಗೆ. ಸಾಮಾನ್ಯ ಆಕ್ಟೋವನ್ನು ತಲೆಕೆಳಗಾಗಿ ಬಾಯಿಗಿಟ್ಟರೆ ಉಸಿರು ಬಿಡುವ ವಾಲ್ವ್ ಮೇಲೆ ಹೋಗಿ ನೀರು ಒಳಗೇ ಉಳಿಯುತ್ತದೆ. ಹೊಸಬರ ಜೊತೆ ಹೆಚ್ಚು ಇಳಿಯುವವರಾದರೆ ಹೇಗಿಟ್ಟರೂ ನಡೆಯುವ, ಪಕ್ಕದಲ್ಲಿ ವಾಲ್ವ್ ಇರುವ ಮಾದರಿ ಕೊಳ್ಳಿ.

ಮಳೆಗಾಲದಲ್ಲಿ ಮುರುಡೇಶ್ವರದ ಕಡೆ ಡೈವಿಂಗ್ ನಿಲ್ಲುತ್ತದೆ. ಆಕ್ಟೋ ಹಾಳಾಗುವುದು ಹೆಚ್ಚಾಗಿ ಆ ನಾಲ್ಕು ತಿಂಗಳಲ್ಲೇ. ಸ್ಪ್ರಿಂಗ್ ಒತ್ತಿಕೊಂಡೇ ಇದ್ದು ಮೆತ್ತನೆ ಸೀಟಿನಲ್ಲಿ ಉಂಗುರದಂಥ ಗೀರು ಬೀಳುತ್ತದೆ. ತಿರುಗಿಸುವ ನಾಬ್ ಇದ್ದರೆ ಪೂರ್ತಿ ಸಡಿಲ ಮಾಡಿಡಿ. ತೊಳೆಯುವಾಗ ಪರ್ಜ್ ಬಟನ್ ಒತ್ತಬಾರದು, ಒತ್ತಿದರೆ ನೀರು ಹೋಸಿನೊಳಗಿಂದ ಫಸ್ಟ್ ಸ್ಟೇಜಿಗೆ ಇಳಿದು ಕಿಲುಬು ಹಿಡಿಯುತ್ತದೆ. ಮೌತ್‌ಪೀಸಿಗೆ ಬಟ್ಟೆ ಕಟ್ಟಿ, ಜಿರಳೆಗೆ ಅಷ್ಟು ಒಳ್ಳೆಯ ಮನೆ ಬೇರೆ ಸಿಗದು.

ಋತು ಶುರುವಾದಾಗ ಫಸ್ಟ್ ಸ್ಟೇಜಿಗೆ ಡಸ್ಟ್ ಕ್ಯಾಪ್ ಹಾಕಿ ಆಕ್ಟೋದಿಂದ ಎಳೆಯಿರಿ. ಬಾಯಿಗೆ ಕಚ್ಚಿಕೊಂಡು ನಿಲ್ಲಬೇಕು, ಗಾಳಿ ಬಂದರೆ ಉಸಿರು ಬಿಡುವ ವಾಲ್ವಿನಲ್ಲಿ ಮರಳು ಸಿಕ್ಕಿದೆ ಅಥವಾ ಡಯಾಫ್ರಾಮ್ ಹರಿದಿದೆ. ಮೌತ್‌ಪೀಸ್ ಬಿಗಿದ ಜಿಪ್ ಟೈ ಎಳೆದು ನೋಡಿ. ದೋಣಿಯಲ್ಲಿ ಸಿಲಿಂಡರ್ ತೆರೆದ ಮೇಲೆ ಗೇಜಿನ ಮೇಲೆ ಕಣ್ಣಿಟ್ಟು ಆಕ್ಟೋದಿಂದಲೇ ನಾಲ್ಕು ದೊಡ್ಡ ಉಸಿರು ಎಳೆಯುತ್ತೇನೆ. ಪ್ರತಿ ಉಸಿರಿಗೂ ಮುಳ್ಳು ಕೆಳಗಿಳಿದು ಮತ್ತೆ ಮೇಲೇರಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ.