ಪವರ್ ಬಟನ್ ಐದು ಸಲ, ಬ್ಯಾಗಿನೊಳಗೇ

ಕಾಲೇಜು, ಡ್ಯೂಟಿ ಮುಗಿಸಿ ರಾತ್ರಿ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ನಮ್ಮ ಓಣಿಯ ಹುಡುಗಿಯರ ಫೋನ್‌ಗಳನ್ನು ಒಂದು ಭಾನುವಾರ ಕೂತು ನೋಡಿದೆ. ಆರು ಫೋನ್. ಆರರಲ್ಲೂ ಎಸ್‌ಒಎಸ್ (ಅಪಾಯದಲ್ಲಿ ಬಟನ್ ಒತ್ತಿ ನೆರವು ಕರೆಯುವ ಸೌಲಭ್ಯ) ಇತ್ತು, ಸರಿಯಾಗಿ ಕೆಲಸ ಮಾಡಿದ್ದು ಒಂದರಲ್ಲಿ. 2017ರಿಂದ ನಮ್ಮಲ್ಲಿ ಮಾರುವ ಹೊಸ ಫೋನ್‌ಗಳಿಗೆ ಪ್ಯಾನಿಕ್ ಬಟನ್ ಕಡ್ಡಾಯ. ದುಡ್ಡು ಕೊಟ್ಟು ಇನ್ನೇನೋ ತರುವ ಮುಂಚೆ ಕೈಯಲ್ಲಿರೋದನ್ನು ಸರಿ ಮಾಡಿಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ’ ಅಂತ ಹುಡುಕಿ ಆನ್ ಮಾಡಿ. ಕೀಪ್ಯಾಡ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯುವುದು, ಅಷ್ಟೇ.

ಎಡವುವುದು, ಅಪಾಯದಲ್ಲಿ ಮೆಸೇಜ್ ಯಾರಿಗೆ ಹೋಗಬೇಕೋ ಅವರ ನಂಬರ್ ಹಾಕುವಾಗ. ಎಲ್ಲರೂ ಅವ್ವನದೇ ಹಾಕುತ್ತಾರೆ. ನಾವು ಮೆಸೇಜ್ ಕಳಿಸಿ ನೋಡಿದಾಗ ಒಬ್ಬಳ ಅವ್ವ, “ಏನೋ ಇಂಗ್ಲಿಷ್‌ನ್ಯಾಗ ಬಂದದ, ಲೋನ್‌ದವ್ರು ಇರಬೇಕು” ಎಂದು ಅಳಿಸಿಯೇಬಿಟ್ಟರು. ಮಗಳು ಎದುರಿಗೇ ನಿಂತಿದ್ದಳು! ಹಾಗಾಗಿ ಬೈಕ್ ಇರುವ, ಹತ್ತಿರದ ಒಬ್ಬರನ್ನು ಮೊದಲು ಹಾಕಿ. ಅವ್ವ ಆಮೇಲೆ. ಮೆಸೇಜಿನಲ್ಲಿರುವ ಲಿಂಕ್ ಒತ್ತಿದರೆ ನೀವಿರುವ ಜಾಗದ ಮ್ಯಾಪ್ ತೆರೆಯುತ್ತದೆ ಎಂದು ಅವರ ಕೈಯಲ್ಲೇ ಒತ್ತಿಸಿ ತೋರಿಸಿ. ಲೊಕೇಶನ್ ಆನ್ ಇರಲಿ. ತುರ್ತು ನೆರವಿನ ನಂಬರ್ 112ಕ್ಕೆ ಕರೆ ಮಾಡಲು ಬ್ಯಾಲೆನ್ಸ್ ಬೇಡ, ಆದರೆ ಮನೆಯವರಿಗೆ ಮೆಸೇಜ್ ಹೋಗಲು ರಿಚಾರ್ಜ್ ಇರಲೇಬೇಕು.

ಇನ್ನು ರೂಢಿ. ಫೋನ್ ಬ್ಯಾಗಿನಲ್ಲಿಟ್ಟು, ನೋಡದೆ, ಪವರ್ ಬಟನ್ ಟಕಟಕ ಐದು ಸಲ ಒತ್ತಿ. ಕೆಲವು ಫೋನ್‌ಗಳಲ್ಲಿ ಮೂರೇ ಸಲ. ನಿಧಾನ ಮಾಡಿದರೆ ಸ್ಕ್ರೀನ್ ಸುಮ್ನೆ ಹತ್ತಿ ಆರುತ್ತದೆ. ಕರೆ ಹೋಗುವ ಮುಂಚಿನ ಸೆಕೆಂಡುಗಳ ಎಣಿಕೆ ಶುರುವಾದ ಕೂಡಲೇ ರದ್ದು ಮಾಡಿ, ತಮಾಷೆಗೆ 112ಕ್ಕೆ ಹೋಗಬಾರದು. ಮೆಸೇಜ್ ಪರೀಕ್ಷಿಸಲು ಕರೆಯನ್ನು ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಲು ಮರೆಯಬೇಡಿ. ಇಬ್ಬರು ಮರೆತಿದ್ದರು. ಎಣಿಕೆಯ ಕೀಂ ಕೀಂ ಸದ್ದನ್ನು ಆಫ್ ಮಾಡಿಬಿಡಿ. ಎದುರಿನವನು ಕೇಳಿದರೆ ಮೊದಲು ಫೋನನ್ನೇ ಕಿತ್ತುಕೊಳ್ಳುತ್ತಾನೆ, ಅಲ್ವಾ?

ಪೆಪ್ಪರ್ ಸ್ಪ್ರೇ ಬೇಡ ಎನ್ನುವುದಿಲ್ಲ. ಆದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಸ್ಕೂಟಿ ಡಿಕ್ಕಿಯೊಳಗೆ ಇಡಬೇಡಿ. ಗಾಳಿ ಎದುರಿಗಿದ್ದರೆ ಖಾರ ನಮ್ಮ ಕಣ್ಣಿಗೇ. ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ಕೀಚೈನ್ ಅಲಾರಂ ನಾನು ಎರಡು ತಂದೆ, ಎರಡರ ಸೆಲ್ಲೂ ತಿಂಗಳೊಳಗೆ ಸತ್ತವು. ಅದಕ್ಕಿಂತ ಸೀಟಿ ವಾಸಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ‘ನಿರ್ಭೀಕ್’ ರಿವಾಲ್ವರ್ ತಂದಿತ್ತು. ತೂಕ ಅರ್ಧ ಕೆಜಿ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ, ಮೇಲೆ ಲೈಸೆನ್ಸ್. ರಾತ್ರಿ ಆಟೋ ಕಾಯುವ ಹುಡುಗಿ ಎಲ್ಲಿಂದ ತರಬೇಕು?

ಹೊಸ ಸಿಮ್ ಹಾಕಿದಾಗ, ಫೋನ್ ಅಪ್‌ಡೇಟ್ ಆದಾಗ ಇಷ್ಟನ್ನೂ ಇನ್ನೊಮ್ಮೆ ನೋಡಿ. ಅವ್ವನ ಫೋನ್ ಸೈಲೆಂಟ್‌ನಲ್ಲಿದೆಯಾ ಅಂತಲೂ.