ಸಿಗಡಿ ತುಂಬಿದ ಪಾಸ್ತಾ: ನೀರನ್ನು ಎಲ್ಲಿಡಬೇಕು ಅನ್ನೋದೇ ಲೆಕ್ಕ

ಸಿಗಡಿ, ಮೀನು ಹಾಕಿದ ಪಾಸ್ತಾಕ್ಕೆ ಚೀಸ್ ಉದುರಿಸಿದರೆ ಇಟಲಿಯಲ್ಲಿ ಮುಖ ಸಿಂಡರಿಸುವವರೇ ಜಾಸ್ತಿ. ಹೂರಣ ತುಂಬಿ ಓವನ್‌ಗೆ ಇಡುವ ಪಾಸ್ತಾ ಮಾತ್ರ ಬೇರೆ. ಅದಕ್ಕೆ ರಿಕೋಟಾ ಅನ್ನುವ ಮೆತ್ತನೆಯ ತಾಜಾ ಚೀಸ್, ಬೆಣ್ಣೆ-ಮೈದಾ-ಹಾಲಿನ ಬಿಳಿ ಬೆಶಮೆಲ್ ಸಾಸ್ ಎರಡೂ ನಡೆಯುತ್ತವೆ. ನಾನು ದೊಡ್ಡ ಚಿಪ್ಪಿನ ಆಕಾರದ ಕೊಂಕಿಲ್ಯೋನಿ ತರುತ್ತೇನೆ. ಕೊಳವೆಯಂಥ ಕನ್ನೆಲೋನಿಗೆ ತುಂಬುತ್ತಾ ಕೂರುವ ತಾಳ್ಮೆ ನನಗಿಲ್ಲ. ಚಿಪ್ಪಿಗಾದರೆ ಒಂದು ಚಮಚ ಸಾಕು.

ಬಿಸಿ ತಗುಲಿದರೆ ಸಿಗಡಿ ನೀರು ಬಿಡುತ್ತದೆ. ಹಸಿಯದನ್ನೇ ತುಂಬಿದರೆ ಆ ನೀರೆಲ್ಲ ಟ್ರೇ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ 400 ಗ್ರಾಂ ಸುಲಿದ ಸಿಗಡಿಯ ಬೆನ್ನಿನ ಕಪ್ಪು ದಾರ ತೆಗೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಜೋರು ಉರಿಯಲ್ಲಿ ಬೆಣ್ಣೆ, ಬೆಳ್ಳುಳ್ಳಿ ಜೊತೆ ಬಾಡಿಸುತ್ತೇನೆ. ಬೂದು ಬಣ್ಣ ಹೋಗಿ ಕೆಂಪಡರಿ, ಬಾಲ ಬಾಗತೊಡಗಿದ ಕೂಡಲೇ ಇಳಿಸಬೇಕು. ಓವನ್‌ನಲ್ಲಿ ಮತ್ತೆ ಬೇಯುತ್ತದಲ್ವಾ? ಬಿಗಿಯಾಗಿ ಸುರುಳಿ ಸುತ್ತಿತೆಂದರೆ ಆಮೇಲೆ ರಬ್ಬರೇ. ಬಾಣಲೆಯಲ್ಲಿ ಉಳಿದ ರಸ ಸಾಸ್‌ಗೆ. ಸಿಗಡಿಯ ತಲೆ, ಸಿಪ್ಪೆಯನ್ನೂ ಎಸೆಯುವುದಿಲ್ಲ. ನೀರಲ್ಲಿ 20 ನಿಮಿಷ ಕುದಿಸಿ ಸೋಸಿಡುತ್ತೇನೆ.

ರಿಕೋಟಾ 250 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದು. ಅದಕ್ಕೆ ಹೆಚ್ಚಿದ ಸಿಗಡಿ, ನಿಂಬೆ ಸಿಪ್ಪೆಯ ತುರಿ, ಪಾರ್ಸ್ಲಿ, ಕಾಳುಮೆಣಸು. ಏಡಿ ಮಾಂಸ ಸಿಕ್ಕರೆ ಅದನ್ನೂ ಸೇರಿಸಬಹುದು, ಆದರೆ ಬೆರಳಲ್ಲಿ ತಡಕಿ ಚಿಪ್ಪಿನ ಚೂರು ಆರಿಸಿಯೇ ಹಾಕಿ.

ಹೂರಣ ಎಷ್ಟು ಒಣಗಿರಬೇಕೋ ಸಾಸ್ ಅಷ್ಟೇ ತೆಳ್ಳಗಿರಬೇಕು. ಅರೆಬೆಂದ ಪಾಸ್ತಾ ಅದನ್ನು ಹೀರಿಕೊಂಡೇ ಬೇಯುವುದು. 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾ ಹಸಿವಾಸನೆ ಹೋಗುವಷ್ಟು ಹುರಿದು, 400 ಮಿಲಿ ಹಾಲು, ಸಿಗಡಿ ಸಿಪ್ಪೆ ಕುದಿಸಿ ಸೋಸಿಟ್ಟ ನೀರು 200 ಮಿಲಿ ಸ್ವಲ್ಪಸ್ವಲ್ಪವೇ ಸುರಿದು ಗಂಟಾಗದಂತೆ ಕದಡುತ್ತೇನೆ. ನೀರ್‌ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇದ್ದರೆ ಸರಿ. ಉಪ್ಪು, ಚಿಟಿಕೆ ಜಾಯಿಕಾಯಿ.

ಪಾಸ್ತಾವನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ 3 ನಿಮಿಷ ಮುಂಚೆಯೇ ತೆಗೆದು, ಬಟ್ಟೆ ಮೇಲೆ ಬೋರಲು ಹಾಕಿ. ಕೆಲವು ಹರಿಯುತ್ತವೆ, ನಾಲ್ಕೈದು ಜಾಸ್ತಿಯೇ ಬೇಯಿಸಿಕೊಳ್ಳಿ. ಟ್ರೇಗೆ ಮೊದಲು ಸಾಸ್, ಮೇಲೆ ತುಂಬಿದ ಚಿಪ್ಪು, ಮತ್ತೆ ಸಾಸ್. ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ 20 ನಿಮಿಷ. ತೆಗೆದು, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸಿ ಇನ್ನು 10 ನಿಮಿಷ. ಚೀಸ್‌ಗಿಂತ ಈ ಗರಿಗರಿಯೇ ನನಗಿಷ್ಟ, ಸಿಗಡಿಯ ರುಚಿ ಮುಚ್ಚಿಹೋಗುವುದಿಲ್ಲ.

ಓವನ್‌ನಿಂದ ತೆಗೆದ ತಕ್ಷಣ ಬಡಿಸಬೇಡಿ. 10 ನಿಮಿಷ ಬಿಟ್ಟರೆ ಸಾಸ್ ಕೂರುತ್ತದೆ, ಚಿಪ್ಪು ಒಡೆಯದೆ ತಟ್ಟೆಗೆ ಬರುತ್ತದೆ.