ವಜಾ ಆದ ಮೇಲೂ ಕಮಿಷನ್ ವಸೂಲಿ: ನನ್ನ ಅನುಭವ

ಕೆಲಸದಿಂದ ತೆಗೆದ ಮೇಲೆ ಕಮಿಷನ್ ಕೇಳುವುದು ಬತ್ತಿದ ಬಾವಿಗೆ ಹಗ್ಗ ಬಿಟ್ಟಂತೆ ಎಂದು ವಿಜಯಪುರದ ನಮ್ಮ ಔಷಧ ಪ್ರತಿನಿಧಿಗಳ ಬಳಗವೆಲ್ಲ ಹೇಳಿತ್ತು. ಆ ಬಾವಿಯಿಂದ ನಾನು ಸುಮಾರು 1 ಲಕ್ಷ 20 ಸಾವಿರ ಸೇದಿದ್ದೇನೆ.

2019ರ ಜುಲೈನಲ್ಲಿ ವಜಾ ಪತ್ರ ಬಂತು. ಇಂಡಿ, ಸಿಂದಗಿ, ತಾಳಿಕೋಟೆ ನನ್ನ ಪ್ರದೇಶ. ಅದೇ ಸಂಜೆ ಕಂಪನಿಯ ಮೇಲ್, ಆ್ಯಪ್ ಎರಡೂ ಬಂದ್. ಎರಡು ತ್ರೈಮಾಸಿಕದ ಇನ್ಸೆಂಟಿವ್ (ಟಾರ್ಗೆಟ್ ಮೀರಿದ ಮಾರಾಟದ ಕಮಿಷನ್) ಬಾಕಿಯಿತ್ತು. ‘ಹಣ ಹಂಚುವ ದಿನ ನೀವು ನೌಕರಿಯಲ್ಲಿ ಇರಲಿಲ್ಲ’ ಎಂದರು. ಟಾರ್ಗೆಟ್ ಮುಟ್ಟಿದ ದಿನ ಇದ್ದೆನಲ್ಲ!

ಸಿಟ್ಟಿನಲ್ಲಿ ಮೂರು ಸಾವಿರ ಕೊಟ್ಟು ನೋಟಿಸ್ ಕಳಿಸಿದೆ. ಮ್ಯಾನೇಜರನ ಬೈಗುಳ, ವಜಾದ ಅನ್ಯಾಯ, ಬಾಕಿ ಹಣ ಎಲ್ಲವನ್ನೂ ಅದರಲ್ಲಿ ಕಲಸಿಬಿಟ್ಟಿದ್ದೆ. ಅವರು ಬೈಗುಳದ ಬಗ್ಗೆ ಎರಡು ಪುಟ ಉತ್ತರ ಬರೆದರು, ಹಣದ ಬಗ್ಗೆ ಒಂದು ಸಾಲೂ ಇಲ್ಲ. ಆಮೇಲೆ ವೇತನ ಪಾವತಿ ಕಾಯ್ದೆಯ ಅರ್ಜಿ. ಆಗ ತಿಂಗಳಿಗೆ 24 ಸಾವಿರ ಮೀರಿದವರಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ನನ್ನ ಸಂಬಳ 27ರ ಆಸುಪಾಸು. ನಾಲ್ಕು ತಿಂಗಳ ಓಡಾಟ ನೀರಿನಲ್ಲಿ ಹೋಮ.

ಫಲ ಕೊಟ್ಟದ್ದು ಕೈಗಾರಿಕಾ ವಿವಾದ ಕಾಯ್ದೆಯ ಕಲಂ 33ಸಿ(2), ಮಾಲೀಕರಿಂದ ಬರಬೇಕಾದ ಹಣವನ್ನು ಕಾರ್ಮಿಕ ನ್ಯಾಯಾಲಯ ಲೆಕ್ಕ ಹಾಕುವ ದಾರಿ. ಅದರ ವೇತನದ ವ್ಯಾಖ್ಯೆಯಲ್ಲೇ ಮಾರಾಟದ ಕಮಿಷನ್ ಸೇರಿತ್ತು. ಮಾರಾಟ ಪ್ರತಿನಿಧಿಗಳಿಗಾಗಿ ಬಂದ 1976ರ ಕಾಯ್ದೆಯಿಂದ ನಮ್ಮಂಥವರಿಗೂ ಅದು ಅನ್ವಯವಾಗುತ್ತಿತ್ತು. ಆದರೆ ಅಲ್ಲಿ ಹಕ್ಕು ಮೊದಲೇ ಇರಬೇಕಿತ್ತು, ಲೆಕ್ಕ ಮಾತ್ರ ನ್ಯಾಯಾಲಯದ್ದು. ಹಾಗಾಗಿ ವಜಾದ ಮಾತನ್ನೇ ಅರ್ಜಿಯಿಂದ ಕಿತ್ತುಹಾಕಿಸಿದೆ. ವಕೀಲರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಈಗ ಅವರೇ ಇತರರಿಗೆ ಅದನ್ನು ಹೇಳುತ್ತಾರಂತೆ.

ಇನ್ಸೆಂಟಿವ್ ಎಂದರೆ ಕಮಿಷನ್ ಅಲ್ಲ ಎಂದು ಕಂಪನಿ ವಾದಿಸಿತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಅವರದೇ ಸುತ್ತೋಲೆ ಟಾರ್ಗೆಟ್ ಮೀರಿದ ಮಾರಾಟಕ್ಕೆ ಶೇಕಡಾ ಇಷ್ಟು ಎಂದಿತ್ತು. ಎಲೆಕ್ಟ್ರಾನಿಕ್ ದಾಖಲೆಗೆ ಆಗ ಬೇಕಿದ್ದ 65ಬಿ ಪ್ರಮಾಣಪತ್ರ ಇಲ್ಲದ ಆ ಪ್ರಿಂಟಿಗೆ ಆಕ್ಷೇಪಣೆ ಬಂದು ಎರಡು ತಾರೀಖು ಹೋದವು. ಮಾರಾಟಕ್ಕೆ ಸಾಕ್ಷಿ ಸ್ಟಾಕಿಸ್ಟರ (ಕಂಪನಿಯ ಸಗಟು ಔಷಧ ವ್ಯಾಪಾರಿಗಳ) ತಿಂಗಳ ಸ್ಟೇಟ್‌ಮೆಂಟ್. ಕಂಪನಿಯ ಹಂಗಿನಲ್ಲಿರುವ ಸ್ಟಾಕಿಸ್ಟರು ಅದನ್ನು ನನಗೆ ಏಕೆ ಕೊಟ್ಟರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಭೇಟಿಯಾದಾಗ ಕೇಳಿ.

ನಡುವೆ ಒಂದು ಹುಚ್ಚು ಸಾಹಸವನ್ನೂ ಮಾಡಿದೆ. ಡಿಸಿಆರ್‌ಗೆ, ಅಂದರೆ ದಿನದಿನದ ಭೇಟಿಗಳ ವರದಿಗೆ, ಬಸ್ ಟಿಕೆಟ್ ಹೊಂದಿಸಿ ದೊಡ್ಡ ಕೋಷ್ಟಕ ಮಾಡಿದೆ. ಒಂದು ವಾರದ ನಿದ್ದೆ ಹೋಯಿತು. ತೆಗೆದು ನೋಡಿದರೆ ಅರ್ಧ ಟಿಕೆಟ್‌ಗಳ ಅಕ್ಷರವೇ ಮಾಸಿತ್ತು. ಉಳಿದರ್ಧವನ್ನು ಯಾರೂ ಕೇಳಲಿಲ್ಲ.

ಕೊರೊನಾದಲ್ಲಿ ಕಲಾಪ ನಿಂತು ವರ್ಷವೇ ಕಳೆಯಿತು. ಪಾಟಿಸವಾಲಿನಲ್ಲಿ ಅವರ ಸಾಕ್ಷಿ ಸುತ್ತೋಲೆಯನ್ನು ಒಪ್ಪಿಕೊಂಡ ಮೇಲೆ ರಾಜಿಗೆ ಬಂದರು. ನನ್ನ ಖರ್ಚು ಎಲ್ಲ ಸೇರಿ 22 ಸಾವಿರ ಇರಬಹುದು. 2025ರ ನವೆಂಬರ್‌ನಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ವೇತನದ ವ್ಯಾಖ್ಯೆಯಿಂದ ಕಮಿಷನ್ ಹೊರಗಿದೆ. ನನ್ನ ಅರ್ಜಿಯನ್ನೇ ನಕಲು ಮಾಡಿ ಹಾಕಬೇಡಿ.

ಎಕ್ಸ್‌ಪೈರಿ ಮಾಲಿನ ಹೆಸರಿನಲ್ಲಿ ಮುರಿದುಕೊಂಡ ಹದಿನಾರು ಸಾವಿರವನ್ನು ಮಾತ್ರ ಬಿಟ್ಟುಕೊಡಬೇಕಾಯಿತು. ಆ ವಾಪಸು ಮಾಲಿನ ಚಲನ್ ಕಳೆದುಕೊಂಡವನು ನಾನೇ.